ನೀಲಿ ಹಿಡಿದ ಚಾಕು

ಆಕ್ಲೆಂಡಿನ ಅಂಚಿನ ಪಾಪಕುರಾದಲ್ಲಿ ವಸಂತಾಳ ಮನೆಗೆ ಮೊದಲ ಸಲ ಹೋದವರು ಒಂದು ಕ್ಷಣ ಬೆಚ್ಚದೆ ಬಂದದ್ದಿಲ್ಲ. ಬೇರೆ ಮನೆಗಳಲ್ಲಾದರೆ ಕಾಫಿಯ ಹಿಂದೆಯೇ ಮಗಳ ಗ್ರಾಜುಯೇಷನ್ ಫೋಟೋಗಳು ಬರುತ್ತವೆ. ವಸಂತಾಳ ಮನೆಯಲ್ಲಿ ಚಾಕುಗಳು ಬರುತ್ತಿದ್ದವು. ಹಳೆಯ ಹತ್ತಿ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟಿದ್ದ ಅವುಗಳನ್ನು ಒಂದೊಂದಾಗಿ ಬಿಚ್ಚಿ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟು, "ಇದು ಹಳೇ ಗರಗಸದ್ದು, ಇದು ಲಾರಿ ಸ್ಪ್ರಿಂಗಿಂದು, ಇದರ ಹಿಡಿ ನೋಡಿ, ಮಾನುಕಾ ಮರ" ಎಂದು ಶುರುಮಾಡಿದರೆ ಕಾಫಿ ಆರಿ ಕೆನೆಗಟ್ಟಿದರೂ ಮುಗಿಯುತ್ತಿರಲಿಲ್ಲ. ಆಕ್ಲೆಂಡಿನ ಕನ್ನಡದವರು ಅವಳೆದುರಿಗೆ ವಸಂತಾ ಆಂಟಿ ಎನ್ನುತ್ತಿದ್ದರು, ಬೆನ್ನ ಹಿಂದೆ ಚಾಕು ವಸಂತಾ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಎರಡನೆಯದೇ ಅವಳಿಗೆ ಹೆಚ್ಚು ಹಿಡಿಸಿತ್ತು.

ಎಲ್ಲವೂ ಮಡಚಲು ಬಾರದ, ಒಂದೇ ಗಟ್ಟಿ ಅಲಗಿನ ಚಾಕುಗಳು. ಎಲ್ಲವೂ ಒಬ್ಬ ಮನುಷ್ಯ ಕೈಯಲ್ಲಿ ಬಡಿದು, ಉಜ್ಜಿ, ಹಿಡಿ ಕೂರಿಸಿದವು. ಯಾರಾದರೂ ತಮ್ಮ ಕೀ ಗೊಂಚಲಿನಿಂದ ಮಡಚುವ ಚಾಕು ತೆಗೆದು ತೋರಿಸಿದರೆ, "ಅಯ್ಯೋ, ಸೊಂಟ ಮುರ್ಕೊಂಡಿರೋದನ್ನೆಲ್ಲ ಚಾಕು ಅಂತಾರೇನ್ರೀ?" ಎಂದು ನಕ್ಕುಬಿಡುತ್ತಿದ್ದಳು.

ಈ ಹುಚ್ಚು ಅವಳಿಗೆ ಸುಮ್ಮನೆ ಹತ್ತಿದ್ದಲ್ಲ. ಅವಳ ಅಪ್ಪ ನಂಜನಗೂಡಿನ ಕಡೆ ಮದುವೆ ಮನೆಗಳ ಅಡುಗೆಯವರು. ಕಮ್ಮಾರನಿಗೆ ಹೇಳಿ ಮಾಡಿಸಿದ ಉದ್ದನೆಯ ಚಾಕು ಒಂದಿತ್ತು ಅವರ ಹತ್ತಿರ. ಕುಂಬಳಕಾಯಿಯನ್ನು ಎರಡೇ ಏಟಿಗೆ ಹೋಳು ಮಾಡುವಂಥದ್ದು. ಅದನ್ನು ಗಂಡಸರು ಮಾತ್ರ ಮುಟ್ಟಬೇಕು. ಹೆಣ್ಣುಮಕ್ಕಳಿಗೆ ಈಳಿಗೆಮಣೆ. ನೆಲದ ಮೇಲೆ ಕೂತು, ಸೊಂಟ ಬಗ್ಗಿಸಿ, ಮೂಟೆಗಟ್ಟಲೆ ಹುರುಳಿಕಾಯಿ ಹೆಚ್ಚಬೇಕು. ನಾನೂ ಒಂದು ಸಲ ಅದನ್ನು ಹಿಡೀತೀನಿ ಎಂದು ಕೈಚಾಚಿದ ವಸಂತಾಳಿಗೆ ದೊಡ್ಡಮ್ಮನಿಂದ ಸಿಕ್ಕಿದ್ದು ತಲೆಗೊಂದು ಮೊಟಕು. ಮದುವೆಯಾಗಿ ಬೆಂಗಳೂರಿಗೆ ಬಂದಳು, ಅಲ್ಲಿಂದ ತೊಂಬತ್ತರ ದಶಕದ ಕೊನೆಯಲ್ಲಿ ಗಂಡ ನರಸಿಂಹನ ಜೊತೆ ನ್ಯೂಜಿಲೆಂಡಿಗೆ ಬಂದಳು. ಅವನಿಗೆ ಪೆನ್‌ರೋಸಿನಲ್ಲಿ ಪ್ಯಾಕಿಂಗ್ ಯಂತ್ರ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಕೆಲಸ. ಇವಳಿಗೆ ಅಲ್ಲೇ ಪಕ್ಕದ ಇನ್ನೊಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಸಲಾಡು, ಸ್ಯಾಂಡ್‌ವಿಚ್ಚು ಮಾಡುವ ಕೆಲಸ. ಮಗಳು ನಿಧಿ ಓದಿ ವೆಲ್ಲಿಂಗ್ಟನ್ನಿಗೆ ಹೋದಳು.

ಎರಡು ಸಾವಿರದ ಒಂದೋ ಎರಡೋ ಇರಬೇಕು, ಬೇಸಿಗೆ ರಜೆಗೆ ದಕ್ಷಿಣ ದ್ವೀಪದ ನೆಲ್ಸನ್‌ಗೆ ಹೋಗಿದ್ದರು. ಶನಿವಾರದ ಸಂತೆಯಲ್ಲಿ ಜೇನುತುಪ್ಪದವನ ಪಕ್ಕ ಕಾಲಿನ್ ಎಂಬ ಮುದುಕ ತಾನೇ ಮಾಡಿದ ಚಾಕುಗಳನ್ನು ಚರ್ಮದ ಮೇಲೆ ಹರಡಿಕೊಂಡು ಕೂತಿದ್ದ. ವಸಂತಾ ಒಂದನ್ನು ಎತ್ತಿಕೊಂಡಳು. ಯಾರೂ ಮೊಟಕಲಿಲ್ಲ. ಕಾಲಿನ್ ಮಾತಿಲ್ಲದೆ ಒಂದು ಟೊಮೆಟೊ ಮುಂದಿಟ್ಟ. ಚಾಕುವಿನ ಭಾರಕ್ಕೇ ಟೊಮೆಟೊ ಎರಡಾಯಿತು. ಅವಳಿಗೆ ಕಣ್ಣಲ್ಲಿ ನೀರು ಬಂತು. ನರಸಿಂಹ, "ಈರುಳ್ಳಿ ಹೆಚ್ಚಿದ್ರೆ ಅಳ್ತಾರೆ, ನೀನು ಟೊಮೆಟೊಗೂ ಅಳ್ತೀಯಲ್ಲೇ!" ಎಂದು ಗೇಲಿ ಮಾಡಿದ. ಆದರೆ ಅವನೇ ಅದನ್ನು ಕೊಡಿಸಿದ. ಆ ಪುಣ್ಯಾತ್ಮನಿಗೆ ಆ ಪುಣ್ಯವನ್ನು ಕೊಟ್ಟುಬಿಡೋಣ, ಮುಂದೆ ಅವನಿಗೆ ಕೊಡುವುದಕ್ಕೆ ನಮ್ಮ ಹತ್ತಿರ ಹೆಚ್ಚೇನೂ ಇಲ್ಲ.

ಆಮೇಲೆ ಪ್ರತಿ ರಜೆಗೂ ನೆಲ್ಸನ್. ಪ್ರತಿ ಸಲವೂ ಕಾಲಿನ್ನನ ಹತ್ತಿರ ಒಂದು ಚಾಕು. ಅವನು ಬಳಸುತ್ತಿದ್ದದ್ದು ಹೊಳೆಯುತ್ತಲೇ ಇರುವ ಸ್ಟೀಲಲ್ಲ, ಹಳೆಯ ಕಾಲದ ಉಕ್ಕು. ಒರೆಸದೆ ಬಿಟ್ಟರೆ ತುಕ್ಕು, ಹುಳಿ ತಗುಲಿದರೆ ಕಪ್ಪು. ಮೊದಲ ಸಲ ಕಪ್ಪಾದಾಗ ವಸಂತಾ ಹುಣಸೆಹಣ್ಣು ಹಾಕಿ ತಿಕ್ಕಿದಳು, ಅದು ಇನ್ನಷ್ಟು ಕಪ್ಪಾಯಿತು. ಗಾಬರಿಯಾಗಿ ಫೋನ್ ಮಾಡಿದರೆ ಕಾಲಿನ್ ನಕ್ಕ. ಅದು ಕೊಳೆಯಲ್ಲ, ನೀನು ಏನೇನು ಹೆಚ್ಚುತ್ತೀಯೋ ಅದರ ಬಣ್ಣ ಅಲಗಿನ ಮೇಲೆ ನಿಲ್ಲುತ್ತದೆ, ಅದೇ ತುಕ್ಕು ಬಾರದಂತೆ ಕಾಯುತ್ತದೆ, ಬಿಡು ಎಂದ. ಅಂದಿನಿಂದ ಅವಳು ತಿಕ್ಕುವುದನ್ನು ಬಿಟ್ಟು, ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ ಇಡತೊಡಗಿದಳು. ಈರುಳ್ಳಿಯ ಬೂದಿ ಬಣ್ಣ, ಬಾಳೆಹೂವಿನ ಕಪ್ಪು, ಮಾವಿನಕಾಯಿಯ ಕಂದು, ಎಲ್ಲ ಅವಳಿಗೆ ಗುರುತು. ಸುಮ್ಮನೆ ಗಾಜಿನ ಬೀರುವಿನಲ್ಲಿಟ್ಟು ಪೂಜೆ ಮಾಡುವವಳಲ್ಲ ಅವಳು. ಕೂಡಿಸಿದ ಪ್ರತಿಯೊಂದು ಚಾಕುವಿಗೂ ದುಡಿಮೆ ಇತ್ತು. ಸೋರೆಕಾಯಿಗೆ ಒಂದು, ಸೊಪ್ಪಿಗೆ ಒಂದು, ತೆಂಗಿನಕಾಯಿ ಚೂರಿಗೆ ಒಂದು.

ಎಲ್ಲಕ್ಕಿಂತ ಮುದ್ದಿನದು ಮೈಸೂರು ಪಾಕಿಗೆಂದೇ ಹೇಳಿ ಮಾಡಿಸಿದ, ಉದ್ದಕ್ಕೆ, ಕಿರಿದಾಗಿ, ತೆಳ್ಳಗಿದ್ದ ಚಾಕು. ಮೈಸೂರು ಪಾಕಿಗೆ ಬಂದದ್ದು ಬರುಬರುತ್ತಾ ಹುರುಳಿಕಾಯಿಗೂ ಬಂತು, ಬಾಳೆದಿಂಡಿಗೂ ಬಂತು. ಬೇರೆ ಯಾವುದೂ ಕೈಗೆ ಹತ್ತದ ಹಾಗಾಯಿತು.

ಚಾಕುಗಳ ವಿಷಯದಲ್ಲಿ ಅವಳದು ಎರಡೇ ಕಟ್ಟಳೆ. ಒಂದು, ಬೇರೆಯವರು ಮುಟ್ಟಬಾರದು. ಇನ್ನೊಂದು, ಅವು ತರಕಾರಿ ಬಿಟ್ಟು ಬೇರೇನನ್ನೂ ಕಾಣಬಾರದು. ಹಾಗೆಂದು ಮಾಂಸ ತಿನ್ನುವವರನ್ನು ಕಂಡರೆ ಮೂಗು ಮುರಿಯುವವಳಲ್ಲ. ಪಕ್ಕದ ಮನೆಯ ಶಮೀಮ್ ಬಕ್ರೀದಿಗೆ ಬಿರಿಯಾನಿ ಮಾಡಿದರೆ ಈರುಳ್ಳಿ ಹೆಚ್ಚಿಕೊಟ್ಟು ಬರುತ್ತಿದ್ದಳು, ಶಮೀಮಳ ಚಾಕುವಿನಲ್ಲಿ. ತನ್ನ ಚಾಕುವಿನ ಮಾತೇ ಬೇರೆ. ಕನ್ನಡದವರ ಹಬ್ಬಗಳಿಗೆ, ಸತ್ಯನಾರಾಯಣ ಪೂಜೆಗಳಿಗೆ ಅವಳೇ ಅಡುಗೆ. ನಮ್ಮಲ್ಲಿ ಕಟ್ಟುನಿಟ್ಟಿನವರು ಎಂಥೆಂಥವರಿದ್ದಾರೆ ನಿಮಗೇ ಗೊತ್ತು. ಅವರೆಲ್ಲ ಬಾಯಿ ಮುಚ್ಚಿಕೊಂಡು ಊಟಕ್ಕೆ ಕೂರುತ್ತಿದ್ದದ್ದು ವಸಂತಾಳ ಆ ಒಂದು ಮಾತಿನ ಮೇಲೆ.

ಹೀಗಿರುವಾಗ ಸಿಂಗಮ್ಮ ಬಂದರು.

ಸಿಂಗಮ್ಮ ಶ್ರೀರಂಗನ ತಾಯಿ. ಶ್ರೀರಂಗನೂ ನರಸಿಂಹನೂ ಒಂದೇ ಕಂಪನಿಯವರು, ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುವವರು, ತಟ್ಟೆ ಒಂದು ಬಿಟ್ಟು ಮಿಕ್ಕದ್ದೆಲ್ಲ ಹಂಚಿಕೊಂಡವರು. ಆ ತಟ್ಟೆಯನ್ನೂ ಹಂಚಿಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು, ಇರಲಿ. ಮೈಸೂರಿನಿಂದ ಮಗನ ಮನೆಗೆ ಬಂದ ಸಿಂಗಮ್ಮ ಮೊದಲ ದಿನವೇ ಫ್ರಿಜ್ಜು ತೆಗೆದು ಮೊಟ್ಟೆ ನೋಡಿದರು. ಅಷ್ಟೇ, ಬಾಗಿಲು ಹಾಕಿದರು, ಬಾಯಿಗೂ ಬೀಗ ಹಾಕಿದರು. "ಚಂದ್ರಿಕಾ ಕೇಕ್ ಮಾಡೋಕೆ ತಂದಿದಾಳಮ್ಮ, ನಾನಂತೂ ಮುಟ್ಟಲ್ಲ" ಎಂದು ಶ್ರೀರಂಗ ಹೆಂಡತಿಯ ಮೇಲೆ ಹಾಕಿದ. ಮುದುಕಿ ಅದನ್ನು ನಂಬಿದರು. ಸೊಸೆಯ ವಿಷಯದಲ್ಲಿ ಏನು ಹೇಳಿದರೂ ನಂಬುವುದಕ್ಕೆ ತಯಾರಿದ್ದರು. ಆದರೆ ಆ ಅಡುಗೆಮನೆಯಲ್ಲಿ ನೀರು ಕೂಡ ಕುಡಿಯಲಿಲ್ಲ. ಹೊಸ ಪಾತ್ರೆಯಲ್ಲಿ ನೆನೆಸಿದ ಅವಲಕ್ಕಿ, ಬಾಳೆಹಣ್ಣು, ಹಾಲು. ವಾರಗಳು ಕಳೆದವು. ಬಳೆ ಮೊಣಕೈಗೆ ಜಾರಿತು. ಶ್ರೀರಂಗ ಓಡಿ ಬಂದ.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಅಮ್ಮ ನಿಮ್ಮ ಕೈಯದಾದ್ರೆ ತಿಂದಾರು."

ವಸಂತಾ ನರಸಿಂಹನನ್ನು ಕರೆದುಕೊಂಡು ಹೋದಳು. ಸಿಂಗಮ್ಮ ಕಂಬಳಿ ಹೊದ್ದು ಹೀಟರಿನ ಮುಂದೆ ಕೂತಿದ್ದರು. ಕೇಳಿದ ಪ್ರಶ್ನೆಗಳೋ! ವಕೀಲರೂ ಸೋಲಬೇಕು.

"ನಿನ್ನ ಮನೇಲಿ ಮೊಟ್ಟೆ ಇದ್ಯಾ?"

"ಇಲ್ಲಮ್ಮ."

"ಏನೋ ಕ್ಯಾಂಟೀನಲ್ಲಿ ಕೆಲಸ ಅಂತೆ. ಅಲ್ಲಿ?"

"ಅಲ್ಲಿ ಎಲ್ಲಾ ಇರುತ್ತೆ ಅಮ್ಮ. ನಾನು ಮಾಡೋದು ಸಲಾಡು. ಅಲ್ಲೀ ಪಾತ್ರೆ ಅಲ್ಲಿಗೇ, ಅಲ್ಲೀ ಚಾಕು ಅಲ್ಲಿಗೇ. ನನ್ನ ಚಾಕುಗಳು ಮನೆ ಹೊಸಿಲು ದಾಟಲ್ಲ. ತರಕಾರಿ ಬಿಟ್ಟು ಬೇರೇನೂ ಕಂಡಿಲ್ಲ ಅವು."

"ಮಾತು ಕೊಡ್ತೀಯಾ?"

"ಕೊಟ್ಟೆ ಅಮ್ಮ" ಎಂದು ವಸಂತಾ ಅವರ ಅಂಗೈ ಮೇಲೆ ಅಂಗೈ ಇಟ್ಟಳು. ಪಕ್ಕದಲ್ಲಿ ನಿಂತಿದ್ದ ನರಸಿಂಹ ನೋಡುತ್ತಲೇ ಇದ್ದ.

ಅಂದಿನಿಂದ ದಿನವೂ ಕ್ಯಾಂಟೀನಿಗೆ ಹೋಗುವ ಮುಂಚೆ ಎದ್ದು, ಸ್ನಾನ ಮಾಡಿ, ಅಡುಗೆ ಮಾಡಿ ಕ್ಯಾರಿಯರ್ ಕಟ್ಟುತ್ತಿದ್ದಳು. ಸಿಂಗಮ್ಮನವರ ಕೆನ್ನೆ ತುಂಬಿಕೊಂಡಿತು, ನಾಲಿಗೆಯೂ ಚುರುಕಾಯಿತು. "ಉಪ್ಪು ಜಾಸ್ತಿ ಕಣೇ, ಸಮುದ್ರ ಹತ್ರ ಇದೆ ಅಂತ ಮೊಗೆದು ಹಾಕಿದ್ಯಾ?" ಎಂದು ಬೈದು, ಆಮೇಲೆ ಪಾತ್ರೆಯ ತಳವನ್ನು ಬೆರಳಲ್ಲಿ ಸವರುತ್ತಿದ್ದರು. ಶನಿವಾರ ಬಂತೆಂದರೆ ವಸಂತಾ ಊಟ ತೆಗೆದುಕೊಂಡು ಹೋಗಿ ಸಂಜೆಯವರೆಗೂ ಅಲ್ಲೇ ಉಳಿಯುತ್ತಿದ್ದಳು. ಚಂದ್ರಿಕಾಳಿಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸ, ಮನೆಯಲ್ಲಿ ಇರುತ್ತಿರಲಿಲ್ಲ. ಅವ್ವನಿಲ್ಲದೆ ಬೆಳೆದ ವಸಂತಾಳಿಗೆ ತಲೆಗೆ ಎಣ್ಣೆ ಒತ್ತಿ ಬೈಯುವವರು ಐವತ್ತರ ಹತ್ತಿರ ಬಂದ ಮೇಲೆ ಸಿಕ್ಕಿದ್ದರು. ಅವಳು ಆ ಶನಿವಾರಗಳಿಗಾಗಿ ಕಾಯುತ್ತಿದ್ದಳು.

ಇಬ್ಬರು ಗಂಡಸರು ಆ ಹೊತ್ತಿಗೆ ಎಲ್ಲಿ? ಮೀನಿಗೆ ಗಾಳ ಹಾಕಲು. ಶ್ರೀರಂಗನ ಸ್ನೇಹಿತನೊಬ್ಬನಿಗೆ ಸಮುದ್ರದ ದಂಡೆಯಲ್ಲಿ ಬ್ಯಾಚ್ ಇತ್ತು, ರಜೆಗೆ ಹೋಗಿ ಇರುವ ಸಣ್ಣ ಮನೆ. ಬೆಳಗ್ಗೆ ಹೋದರೆ ಸಂಜೆ ಬರಿಗೈಲಿ ಬರುತ್ತಿದ್ದರು. "ಹಿಡಿದು ಹಿಡಿದು ವಾಪಸ್ಸು ನೀರಿಗೇ ಬಿಟ್ಬಿಡ್ತೀವಮ್ಮ, ಸುಮ್ನೆ ಆಟಕ್ಕೆ" ಎಂದು ಶ್ರೀರಂಗ ಹೇಳಿದರೆ ಸಿಂಗಮ್ಮ, "ನೋಡಿದ್ಯೇನೇ, ಜೀವ ಅಂದ್ರೆ ನನ್ನ ಮಗನಿಗೆ ಎಷ್ಟು ಮರುಕ!" ಎಂದು ಹಿಗ್ಗುತ್ತಿದ್ದರು. ವಸಂತಾಳೂ ಹೌದೌದು ಎಂದು ತಲೆಯಾಡಿಸುತ್ತಿದ್ದಳು, ದಡ್ಡಿ.

ಆಯುಧಪೂಜೆ ಬಂತು. ನಮ್ಮವರು ಇಲ್ಲಿ ಕಾರು, ಲ್ಯಾಪ್‌ಟಾಪ್, ಹುಲ್ಲು ಕತ್ತರಿಸುವ ಯಂತ್ರಕ್ಕೆಲ್ಲ ಕುಂಕುಮ ಇಡುತ್ತಾರೆ. ವಸಂತಾ ಚಾಕುಗಳಿಗೆ ಇಡುತ್ತಿದ್ದಳು. ಆ ವರ್ಷ ಮೈಸೂರು ಪಾಕಿನ ಚಾಕುವನ್ನು ಬಟ್ಟೆಯಿಂದ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದವಳು ಕುಂಕುಮದ ಬಟ್ಟಲನ್ನು ಅಲ್ಲೇ ಕೆಳಗಿಟ್ಟಳು. ಅಲಗಿನ ಉದ್ದಕ್ಕೂ ನೀಲಿ. ಬರೀ ನೀಲಿಯಲ್ಲ, ಅಂಚಿನಲ್ಲಿ ನೇರಳೆ, ನಡುವೆ ನವಿಲುಗರಿಯ ಬಣ್ಣ. ಇಷ್ಟು ವರ್ಷಗಳಲ್ಲಿ ಯಾವ ಚಾಕುವೂ ಅವಳಿಗೆ ಕೊಡದಿದ್ದ ಬಣ್ಣ. ಬೀಟ್‌ರೂಟೋ, ಬದನೆಕಾಯಿಯೋ, ಕೊಬ್ಬರಿ ಎಣ್ಣೆಯೋ ಎಂದು ಲೆಕ್ಕ ಹಾಕಿದಳು, ಹೊಂದಲಿಲ್ಲ. ಹೊಂದದಿದ್ದರೇನು, ಬಂದಿತ್ತಲ್ಲ. ಮನೆಗೆ ಬಂದವರಿಗೆಲ್ಲ ತೋರಿಸಿದಳು. ಹೊಸಿಲು ದಾಟಿಸುವುದಿಲ್ಲವೆಂದಿದ್ದವಳು ತಡೆಯಲಾರದೆ, "ಅಮ್ಮಾ, ಇದೊಂದು ಸಲ" ಎಂದು ಬಟ್ಟೆಯಲ್ಲಿ ಸುತ್ತಿ ಸಿಂಗಮ್ಮನವರ ಹತ್ತಿರ ಒಯ್ದಳು.

ಸಿಂಗಮ್ಮ ಕನ್ನಡಕ ಏರಿಸಿ ನೋಡಿದರು. "ಅಯ್ಯೋ, ಕೃಷ್ಣನ ಮೈಬಣ್ಣ ಕಣೇ ಇದು!" ಎಂದರು. "ನೀನು ಶುದ್ಧವಾಗಿ ಇಟ್ಕೊಂಡಿದ್ದಕ್ಕೇ ಬಂದಿದೆ." ಅಲಗನ್ನು ಸೆರಗಿನಲ್ಲಿ ಹಿಡಿದು ಎರಡು ಕಣ್ಣಿಗೂ ಒತ್ತಿಕೊಂಡರು. ಶ್ರೀರಂಗ ಅಲ್ಲೇ ಕೂತು ಪೇಪರ್ ಓದುತ್ತಿದ್ದ. ಪುಟ ತಿರುವಿದ.

ಅದಾಗಿ ಕೆಲವು ವಾರಗಳಿಗೆ ಆಕ್ಲೆಂಡಿನಲ್ಲಿ ಕೈಕೆಲಸದವರ ಮೇಳ ಇತ್ತು, ಕಾಲಿನ್ ಬಂದಿದ್ದ. ಶನಿವಾರವೇ, ಆದರೆ ಅಂದು ಏಕಾದಶಿ, ಸಿಂಗಮ್ಮನವರಿಗೆ ಉಪವಾಸ, ಊಟ ಒಯ್ಯುವ ಕೆಲಸವಿರಲಿಲ್ಲ. ಮಳೆಯೆಂದು ಗಂಡಸರೂ ಗಾಳಕ್ಕೆ ಹೋಗಿರಲಿಲ್ಲ. ಮಾಡಿದವನ ಕೈಗೇ ತಾನೇ ಎಂದು ವಸಂತಾ ಆ ನೀಲಿ ಚಾಕುವನ್ನು ಸಾಣೆಗೆ ತೆಗೆದುಕೊಂಡು ಹೋಗಿ ಕಾಲಿನ್ನನ ಮುಂದೆ ಬಿಚ್ಚಿದಳು.

ಕಾಲಿನ್ ಶಿಳ್ಳೆ ಹಾಕಿದ. "ಎಂಥ ನೀಲಿ ತರಿಸಿದೀಯಮ್ಮ! ಕೊನೆಗೂ ಮಾಂಸ ತಿನ್ನೋಕೆ ಶುರುಮಾಡಿದ್ರಾ?"

ವಸಂತಾ ನಕ್ಕಳು. ತಮಾಷೆ ಎಂದುಕೊಂಡಳು.

"ಇಲ್ಲ, ನಿಜವಾಗ್ಲೂ ಕೇಳ್ತಿದೀನಿ" ಎಂದ ಅವನು. "ತರಕಾರಿಗೆ ಬೂದಿ ಬಣ್ಣ ಬರುತ್ತೆ, ಕಪ್ಪು ಬರುತ್ತೆ. ಈ ನೀಲಿ ನಾನು ನೋಡಿರೋದು ಬಿಸಿ ಬಿಸಿ ಸುಟ್ಟ ಮಾಂಸ ಕುಯ್ದಾಗ, ಇಲ್ಲಾ ಮೀನಿನ ಹಸಿ ರಕ್ತಕ್ಕೆ. ಅದೂ ಒಂದೆರಡು ಸಲಕ್ಕೆ ಬರಲ್ಲ." ಹಿಡಿಯ ಸಂದಿಯನ್ನು ಉಗುರಲ್ಲಿ ಕೆರೆದು ಬೆಳಕಿಗೆ ಹಿಡಿದ. ಪಾರದರ್ಶಕವಾದ ಸಣ್ಣ ಬಿಲ್ಲೆಯೊಂದು ಅವನ ಉಗುರಿಗೆ ಅಂಟಿತ್ತು. "ನೋಡು, ಮೀನಿನ ಪರೆ."

ಅವಳು ಅವನ ಕೈಯಿಂದ ಚಾಕು ತೆಗೆದುಕೊಂಡಳು. ಕಾಲಿನ್ ಏನೋ ತಪ್ಪು ಮಾತಾಡಿದೆನೆಂದು ಗಾಬರಿಯಾಗಿ, ಬೇಕಾದರೆ ಉಜ್ಜಿ ಬಣ್ಣ ತೆಗೆದುಕೊಡುತ್ತೇನೆ ಎಂದ. ಬೇಡ ಎಂದು ಚಾಕು ಸುತ್ತಿಕೊಂಡು ಅವಳು ರೈಲು ಹತ್ತಿದಳು. ಪಾಪಕುರಾ ಬರುವವರೆಗೂ ಅವಳ ತಲೆಯಲ್ಲಿದ್ದದ್ದು ಚಾಕುವಲ್ಲ, ಸಿಂಗಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡದ್ದು.

ನರಸಿಂಹ ಸೋಫಾದ ಮೇಲೆ ಕಾಲು ಚಾಚಿ ಕ್ರಿಕೆಟ್ ನೋಡುತ್ತಿದ್ದ.

"ರೀ, ಇದ್ರಲ್ಲಿ ಏನು ಕುಯ್ದ್ರಿ?"

"ಯಾವುದ್ರಲ್ಲಿ?"

ಚಾಕು ಬಿಚ್ಚಿ ಅವನ ಮುಂದೆ ಇಟ್ಟಳು. ಅವನು ಚಾಕು ನೋಡಲಿಲ್ಲ, ಟಿವಿ ನೋಡಿದ. ಅಲ್ಲಿಗೇ ಅವಳಿಗೆ ಉತ್ತರ ಸಿಕ್ಕಿತು.

"ಒಂದ್ಸಲ ಕಣೇ…"

"ಒಂದ್ಸಲಕ್ಕೆ ಇಷ್ಟು ನೀಲಿ ಬರಲ್ವಂತೆ."

ನರಸಿಂಹ ಟಿವಿಯ ದನಿ ಇಳಿಸಿದ. ಆಮೇಲೆ ಒಂದೊಂದಾಗಿ ಹೊರಬಂತು. ಹಿಡಿದ ಮೀನು ಯಾವುದೂ ನೀರಿಗೆ ವಾಪಸಾಗಿರಲಿಲ್ಲ. ಬ್ಯಾಚಿನಲ್ಲೇ ಕುಯ್ದು, ಸುಟ್ಟು, ತಿಂದು ಮುಗಿಸುತ್ತಿದ್ದರು. ಮೀನು ಸಿಗದ ದಿನ ಕುರಿಯ ತೊಡೆ. ವಸಂತಾ ಕ್ಯಾರಿಯರ್ ಹಿಡಿದು ಸಿಂಗಮ್ಮನವರ ಹತ್ತಿರ ಹೋದ ಮೇಲೆ ಚಾಕು ಬಟ್ಟೆಯಿಂದ ಹೊರಗೆ, ಅವಳು ವಾಪಸು ಬರುವ ಮೊದಲು ಬಟ್ಟೆಯೊಳಗೆ.

"ಶ್ರೀರಂಗಾನೇ ತಗೊಂಬಾ ಅಂದ ಕಣೇ. ಅಲ್ಲಿರೋದು ಮೊಂಡು, ಬೆಣ್ಣೇನೂ ಕುಯ್ಯಲ್ಲ. ನಿಂದು ಹೆಂಗೆ ಕುಯ್ಯುತ್ತೆ ಗೊತ್ತಾ! ಎಲ್ಲರೂ ಏನ್ ಹೊಗಳಿದ್ರು ಅಂತೀಯ." ಇದನ್ನು ಕೇಳಿ ಅವಳು ಸ್ವಲ್ಪ ಖುಷಿಯಾದಾಳೆಂದು ಆ ಮಹಾನುಭಾವ ನಿಜವಾಗಿಯೂ ಅಂದುಕೊಂಡಿದ್ದ. ಅವಳ ಮುಖ ನೋಡಿ ದಾರಿ ಬದಲಿಸಿದ. "ತೊಳೆದೇ ಇಡ್ತಿದ್ದೆ ವಸೂ. ಬಿಸಿನೀರು, ಸೋಪು, ಆಮೇಲೆ ನಿನ್ನ ಕೊಬ್ಬರಿ ಎಣ್ಣೆ ಕೂಡ. ಕಬ್ಬಿಣ ತಾನೇ? ತೊಳೆದ್ರೆ ಆಯ್ತು."

"ನೀವು ಮೀನಾದ್ರೂ ತಿನ್ನಿ, ಮೊಸಳೆನಾದ್ರೂ ತಿನ್ನಿ. ನನಗೆ ಹೇಳಿ ತಿಂದಿದ್ರೆ ಪಲ್ಯಾನೂ ಮಾಡ್ಕೊಡ್ತಿದ್ದೆ. ಸಿಂಗಮ್ಮನೋರಿಗೆ ನಾನು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಾಗ ನನ್ನ ಪಕ್ಕದಲ್ಲೇ ನಿಂತಿದ್ರಲ್ಲಾ? ಆವಾಗ ನಿಮ್ಮ ಬಾಯಿಗೇನು ಬಂದಿತ್ತು?"

"ಆವಾಗಿನ್ನೂ ತಗೊಂಡು ಹೋಗಿರಲಿಲ್ಲ."

"ಆಮೇಲೆ ತಗೊಂಡು ಹೋದ್ರಲ್ಲ!"

ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಾಗಿತ್ತು. ಮನೆಯಲ್ಲಿ ಅವಳದೆಂದು ಇದ್ದದ್ದು ಆ ಒಂದು ಡ್ರಾಯರು. ಅದಕ್ಕೆ ಬೀಗ ಹಾಕಬೇಕೆಂದು ಎಂದೂ ಅನ್ನಿಸಿರಲಿಲ್ಲ, ಗಂಡನಿಗೆ ಹೆದರಿ ಯಾರಾದರೂ ಬೀಗ ಹಾಕುತ್ತಾರೆಯೆ?

"ಹೇಳ್ಬೇಡ ಅವರಿಗೆ" ಎಂದ ನರಸಿಂಹ. "ಬೇಸಿಗೆ ಮುಗಿಯೋದ್ರೊಳಗೆ ಹೋಗ್ತಾರೆ. ಗೊತ್ತಿಲ್ದೆ ತಿಂದದ್ದು ದೋಷ ಅಲ್ಲ."

"ನನಗೆ ಗೊತ್ತಾಯ್ತಲ್ಲ. ನಾಳೆ ನಾನು ಬಡಿಸಿದ್ರೆ ಗೊತ್ತಿದ್ದೂ ಬಡಿಸಿದ ಹಾಗೆ."

ಆ ಒಂದು ಚಾಕು ಪಕ್ಕಕ್ಕಿಟ್ಟು ಮಿಕ್ಕವುಗಳಲ್ಲಿ ಅಡುಗೆ ಮಾಡಿ ಸುಮ್ಮನಿರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವಳೂ ಕೇಳಿಕೊಂಡಳು. ಆದರೆ ಮಿಕ್ಕವು ಬ್ಯಾಚಿಗೆ ಹೋಗಿರಲಿಲ್ಲವೆಂದು ಯಾರು ಹೇಳಬೇಕು, ನರಸಿಂಹನೆ? ಅದೂ ಅಲ್ಲದೆ ಮುದುಕಿ ಉಂಡು, "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಹರಸುವಾಗ ಯಾವ ಮುಖ ಹೊತ್ತು ಎದುರಿಗೆ ಕೂರುವುದು? ತಪ್ಪು ತನ್ನ ಮನೆಯಿಂದ ಆಗಿದೆ, ಹೇಳಿ ಕಾಲಿಗೆ ಬೀಳುತ್ತೇನೆ, ಬೈದರೆ ಬೈಯಲಿ, ಹೊಡೆದರೂ ಹೊಡೆಯಲಿ ಎಂದು ನಿಶ್ಚಯ ಮಾಡಿದಳು. ಬೈದು ಕ್ಷಮಿಸುತ್ತಾರೆಂಬ ಆಸೆಯೂ ಒಳಗೆಲ್ಲೋ ಇತ್ತು.

ಮರುದಿನ ಬೆಳಗ್ಗೆ ದ್ವಾದಶಿಯ ಪಾರಣೆ. ವಸಂತಾ ಅಡುಗೆ ಮಾಡಲಿಲ್ಲ. ಸೀಲು ಒಡೆಯದ ಹಾಲು, ಒಂದು ಚಿಪ್ಪು ಬಾಳೆಹಣ್ಣು ತೆಗೆದುಕೊಂಡಳು. ಕಾರಿನಲ್ಲಿ ನರಸಿಂಹನಿಗೆ ಹೇಳಿದಳು: "ನೀವಾಗಿ ಏನೂ ಹೇಳ್ಬೇಡಿ. ಅವರು ಕೇಳಿದ್ರೆ ನಿಜ ಹೇಳಿ, ಅಷ್ಟು ಸಾಕು." ಅವನು ಹೂಂ ಎಂದ.

ಸಿಂಗಮ್ಮ ಮಿಂದು ಮಡಿಯುಟ್ಟು ಕಾಯುತ್ತಿದ್ದರು. "ಬಾರೇ ಬೇಗ, ಹೊಟ್ಟೆ ಬೆನ್ನಿಗೆ ಹತ್ತಿದೆ." ಕ್ಯಾರಿಯರ್ ಕಾಣದೆ ಹುಬ್ಬೇರಿಸಿದರು. ಶ್ರೀರಂಗ ಕಾಫಿ ಲೋಟ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

ವಸಂತಾ ನೆಲದ ಮೇಲೆ ಕೂತು ಹೇಳಿದಳು. ಅಳದೆ ಹೇಳಿದಳು. ಚಾಕುವಿನ ಬಣ್ಣ, ಕಾಲಿನ್, ಶನಿವಾರ, ಬ್ಯಾಚು, ಇವರಿಬ್ಬರು. "ನನಗೆ ನಿನ್ನೆವರೆಗೂ ಗೊತ್ತಿರಲಿಲ್ಲ ಅಮ್ಮ. ನನ್ನ ಮಾತು ನನ್ನ ಮನೆಯಲ್ಲೇ ಮುರೀತು."

ಸಿಂಗಮ್ಮ ಸೆರಗು ಬಿಗಿದುಕೊಂಡರು. ಆಮೇಲೆ ಮಗನ ಕಡೆ ತಿರುಗಿದರು. "ಏನೋ ಇದು?"

ಶ್ರೀರಂಗ ಲೋಟ ಕೆಳಗಿಟ್ಟ. "ಅಮ್ಮಾ, ನಿನ್ನಾಣೆ, ನಾನು ಅಂಥದ್ದನ್ನ ಮುಟ್ಟಿದವನೂ ಅಲ್ಲ. ಅತ್ತಿಗೆಗೆ ಯಾರೋ ಏನೋ ಹೇಳಿ ತಲೆ ಕೆಡಿಸಿದಾರೆ."

ಹೆತ್ತ ತಾಯಿಯ ಆಣೆ! ಬೆಳಗ್ಗೆ ಎದ್ದು ಮುಖ ತೊಳೆದಷ್ಟು ಸಲೀಸಾಗಿ ಆಣೆಯಿಟ್ಟ. ವಸಂತಾ ಬಾಯಿ ತೆರೆಯುವ ಮುಂಚೆ ಸಿಂಗಮ್ಮ ನರಸಿಂಹನನ್ನು ನೋಡಿದರು.

"ನೀನು ಹೇಳಪ್ಪಾ. ನೀನು ಸುಳ್ಳು ಹೇಳೋನಲ್ಲ."

ನರಸಿಂಹ ಶ್ರೀರಂಗನನ್ನು ನೋಡಿದ, ನೆಲವನ್ನು ನೋಡಿದ. ಹೆಂಡತಿಯನ್ನು ಮಾತ್ರ ನೋಡಲಿಲ್ಲ.

"ನನಗೆ ಅಂಥದ್ದೇನೂ ಗೊತ್ತಿಲ್ಲ ಅಮ್ಮ. ಇವಳು ಕ್ಯಾಂಟೀನಲ್ಲಿ ಕೆಲಸ ಮಾಡ್ತಾಳಲ್ಲ… ಅಲ್ಲಿ ಎಲ್ಲಾ ಥರದ್ದೂ ಹೆಚ್ತಾರೆ. ಯಾವಾಗಲೋ ತಗೊಂಡು ಹೋಗಿರ್ಬೇಕು, ಅಲ್ಲಿ ಯಾರೋ ಮುಟ್ಟಿರ್ಬೇಕು."

ರಾತ್ರಿಯೆಲ್ಲ ವಸಂತಾ ಸಿಂಗಮ್ಮನವರ ಬೈಗುಳಕ್ಕೆ ತಯಾರಾಗಿದ್ದಳು, ಶ್ರೀರಂಗನ ಸುಳ್ಳಿಗೂ ತಯಾರಾಗಿದ್ದಳು. ಇದಕ್ಕೆ ತಯಾರಾಗಿರಲಿಲ್ಲ. ಇಪ್ಪತ್ತಕ್ಕೂ ಮಿಕ್ಕಿ ವರ್ಷ ಜೊತೆಗೆ ಬಾಳಿದ ಗಂಡಸು ತನ್ನ ಕಣ್ಣೆದುರಿಗೇ ತನ್ನನ್ನು ಎತ್ತಿ ಬೇರೆಯವರ ಬಾಯಿಗೆ ಹಾಕಿದ್ದ.

"ರೀ!" ಎಂದಳು.

"ಮನೆ ಹೊಸಿಲು ದಾಟಲ್ಲ ಅಂದಿದ್ದೆ" ಎಂದರು ಸಿಂಗಮ್ಮ. ದನಿ ಏರಿರಲಿಲ್ಲ. "ಆಮೇಲೆ ನೀನೇ ಇಲ್ಲಿಗೆ ತಂದು ತೋರಿಸ್ದೆ. ಆವತ್ತೇ ನನಗೆ ತಿಳೀಬೇಕಿತ್ತು. ತಪ್ಪಾಯ್ತು, ಕ್ಯಾಂಟೀನಿಗೆ ಒಯ್ದಿದ್ದೆ ಅಂದಿದ್ರೆ ಗಂಗಾಜಲ ಕುಡಿದು ಸುಮ್ಮನಾಗ್ತಿದ್ದೆ ಕಣೇ. ನನ್ನ ಮಗನ ತಲೆಗೆ ಕಟ್ಟೋಕೆ ಬಂದ್ಯಲ್ಲ!"

"ಅಮ್ಮಾ, ಹಾಗಲ್ಲ, ಕೇಳಿ…"

"ಹಾಲು, ಹಣ್ಣೂ ತಗೊಂಡು ಹೋಗು."

ವಾಪಸು ಬರುವಾಗ ನರಸಿಂಹನೇ ಮಾತು ಶುರುಮಾಡಿದ. ತಾಯಿ ಮಗನ ಮಧ್ಯೆ ಕಡ್ಡಿ ಹಾಕೋದು ಬೇಡವೆಂದು ಹಾಗೆ ಹೇಳಿದೆ, ಆ ವಯಸ್ಸಿನಲ್ಲಿ ಮಗ ಹೀಗೆಂದು ಗೊತ್ತಾದರೆ ಜೀವ ತಡೆಯುತ್ತದೆಯೆ, ನೀನು ಗಟ್ಟಿ, ನೀನು ತಡ್ಕೋತೀಯ ಎಂದ. ತಡೆದುಕೊಳ್ಳುವವರ ತಲೆಯ ಮೇಲೇ ಎಲ್ಲರೂ ಹೇರುವುದು ಯಾವ ನ್ಯಾಯವೋ!

ಕ್ಯಾಂಟೀನಿನ ಕಥೆ ವಾರದೊಳಗೆ ಊರೆಲ್ಲ ಸುತ್ತಿತು. ನಿಜದ ಕಥೆಗೆ ಕಾಲೇ ಬರಲಿಲ್ಲ. ಹೊಸವರ್ಷದ ಸತ್ಯನಾರಾಯಣ ಪೂಜೆಗೆ ಅಡುಗೆ ಬೇರೆಯವರಿಗೆ ಹೋಯಿತು, "ನಿಮಗ್ಯಾಕೆ ಸುಮ್ನೆ ಶ್ರಮ ಆಂಟಿ" ಎಂಬ ನಯವಾದ ಮಾತಿನೊಂದಿಗೆ. ಸಿಂಗಮ್ಮ ಮತ್ತೆ ಅವಲಕ್ಕಿ, ಬಾಳೆಹಣ್ಣಿಗೆ ಇಳಿದರು. ಅವರು ಸೊರಗುತ್ತಿದ್ದಾರೆಂದು ಕೇಳಿ ವಸಂತಾ ಎರಡು ಸಲ ಹಣ್ಣು ಕಳಿಸಿದಳು, ಎರಡು ಸಲವೂ ವಾಪಸು ಬಂತು. ಚಂದ್ರಿಕಾ ಒಂದು ದಿನ ಫೋನ್ ಮಾಡಿ, "ಅಕ್ಕಾ, ನನಗೆ ಗೊತ್ತು. ಆದ್ರೆ ನಾನು ಹೇಳಿದ್ರೆ ಅತ್ತೆ ನಂಬ್ತಾರಾ?" ಎಂದು ಅತ್ತಳು. ಅಂತೂ ನಿಜ ಬಲ್ಲವರೆಲ್ಲ ಬಾಯಿ ಮುಚ್ಚಿಕೊಂಡವರೇ.

ಗೊತ್ತಾಗಿದ್ದ ದಿನಕ್ಕಿಂತ ಮುಂಚೆಯೇ ಟಿಕೆಟ್ ಮಾಡಿಸಿಕೊಂಡು ಸಿಂಗಮ್ಮ ಹೊರಟರು. ಬರಬೇಡ ಎಂದು ನರಸಿಂಹ ಹೇಳಿದರೂ ವಸಂತಾ ವಿಮಾನ ನಿಲ್ದಾಣಕ್ಕೆ ಹೋದಳು. ಇನ್ನು ಅವರನ್ನು ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬೀಳ್ಕೊಡಲು ಐದಾರು ಸಂಸಾರದವರು ಬಂದಿದ್ದರು. ಸಿಂಗಮ್ಮ ಗಾಲಿಕುರ್ಚಿಯಲ್ಲಿ ಕೂತಿದ್ದರು, ಬಳೆ ಮತ್ತೆ ಮೊಣಕೈಗೆ ಜಾರಿತ್ತು. ಬಂದವರು ಒಬ್ಬೊಬ್ಬರಾಗಿ ನಮಸ್ಕಾರ ಮಾಡಿದರು, ಅವರು ಎಲ್ಲರ ತಲೆಮುಟ್ಟಿ ಹರಸಿದರು. ವಸಂತಾ ಬಗ್ಗಿದಳು. ಸಿಂಗಮ್ಮ ಎರಡೂ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ಅವಳ ಕೈ ಗಾಲಿಕುರ್ಚಿಯ ತಣ್ಣನೆಯ ಕಬ್ಬಿಣಕ್ಕೆ ತಾಗಿತು.

ಅವಳ ಹಿಂದೆಯೇ ನರಸಿಂಹ ಬಗ್ಗಿದ. ಈಗ ಕಾಲು ಹೊರಗೆ ಬಂದವು. ಸಿಂಗಮ್ಮ ಅವನ ತಲೆ ಸವರಿದರು.

"ನೀನು ಒಳ್ಳೇವನಪ್ಪಾ. ಹೆಂಡತಿ ತಪ್ಪು ಮಾಡಿದ್ಲು ಅಂತ ಮನೇಲಿ ಬೈಬೇಡ. ಸುಧಾರಿಸ್ಕೊಂಡು ಹೋಗು."

"ಆಗಲಿ ಅಮ್ಮ" ಎಂದ ನರಸಿಂಹ.

ವಸಂತಾ ಅವನ ಮುಖವನ್ನೇ ನೋಡಿದಳು. ಎಲ್ಲೋ ಒಂದು ಕಡೆ ಅವನು ನಾಚಿಕೊಳ್ಳುತ್ತಾನೆಂದು ನೋಡಿದಳು. ಎದ್ದು ನಿಂತ ಅವನು ಅವಳ ಕಡೆ ತಿರುಗಿ, ಹೋಗಲಿ ಬಿಡು, ಆದದ್ದಾಯ್ತು ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದ. ಅವಳನ್ನು ಕ್ಷಮಿಸಿಬಿಟ್ಟಿದ್ದ.

ಗಾಲಿಕುರ್ಚಿ ಒಳಗೆ ಹೋಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಕೈ ಚಾಚಿದಳು.

"ಕಾರಿನ ಕೀ ಕೊಡಿ."

"ಯಾಕೆ? ನಾನು ಹೆಂಗೆ ಬರ್ಲಿ?"

"ಶ್ರೀರಂಗನ ಜೊತೆ ಹೋಗಿ. ಅವನ ಮನೆಗೇ ಹೋಗಿ. ಇನ್ಮೇಲೆ ಅನ್ನ ಹಾಕೋದೂ ಅವನೇ."

ಎಲ್ಲರೂ ಕೇಳುವ ಹಾಗೆ ಹೇಳಿದಳು. ಕೀ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ಕಾರು ನಿಲ್ಲಿಸಿದ ಕಡೆಗೆ ಒಬ್ಬಳೇ ನಡೆದಳು.